ಅಜ್ಜಿಯ ಬೇಸರಿ ಬರೆದ ಗೆರೆ

ನಮ್ಮಜ್ಜಿಯ ಫೋಟೋ ಅಂತ ಇರುವುದು ನಾಲ್ಕೇ. ಒಂದು ಮತದಾರರ ಚೀಟಿಯದ್ದು. ಅದರಲ್ಲಿ ಅವಳು ಯಾರನ್ನೋ ಬೈಯಲು ಬಾಯಿ ತೆರೆಯುವ ಮುಂಚಿನ ಕ್ಷಣದಲ್ಲಿದ್ದಾಳೆ. ಇನ್ನೆರಡು ಮದುವೆ ಮನೆಯ ಗುಂಪು ಫೋಟೋ. ಮೂವತ್ತು ತಲೆಗಳ ನಡುವೆ ಬೆರಳಿಟ್ಟು ತೋರಿಸಬೇಕು. ನಾಲ್ಕನೆಯದ್ದು ನಾನು ತೆಗೆದದ್ದು. 2008ರ ತುಳಸಿ ಹಬ್ಬದ ಸಂಜೆ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಂಗಳದಲ್ಲಿ. ಕಟ್ಟೆಯಲ್ಲಿ ತುಳಸಿಯ ಪಕ್ಕ ನೆಲ್ಲಿಕಾಯಿಯ ಕೊಂಬೆ ಚುಚ್ಚಿದೆ, ಸುತ್ತ ಹಣತೆ ಇದೆ, ಅಜ್ಜಿ ನಗುತ್ತಿದ್ದಾಳೆ. ಅವಳು ನಗುವ ಫೋಟೋ ಇದೊಂದೇ. ಆದರೆ ಚಿತ್ರ ಪೂರ್ತಿ ಅಲುಗಾಡಿದೆ.

ಆಗ ನಾನು ಪಿಯುಸಿ. ಕ್ಯಾಮೆರಾ ಚಿಕ್ಕಪ್ಪನದು, ಬೆಂಗಳೂರಿನಿಂದ ತಂದದ್ದು. ಫ್ಲ್ಯಾಶ್ ಹಾಕಿದರೆ ಬ್ಯಾಟರಿ ಬೇಗ ಮುಗಿಯುತ್ತೆ ಅಂತ ಅವನೇ ಹೇಳಿದ್ದಕ್ಕೆ ಫ್ಲ್ಯಾಶ್ ಆಫ್ ಮಾಡಿ ತೆಗೆದಿದ್ದೆ. ಇದನ್ನು ಈಗ ನೆನಪಿಸಿದರೆ ಅವನು ಒಪ್ಪುವುದಿಲ್ಲ.

ಕಳೆದ ವರ್ಷ ಚಿಕ್ಕಪ್ಪ ಹಳೇ ಮನೆ ರಿಪೇರಿ ಮಾಡಿಸಿದ. ಹಾಲ್‌ನಲ್ಲಿ ಅಜ್ಜಿಯ ದೊಡ್ಡ ಫೋಟೋ ಹಾಕಬೇಕು, 12x18 ಇಂಚಿನದ್ದು ಅಂದ. 'ಈಗ ಎಐ ಬಂದಿದೆಯಲ್ಲ, ಬ್ಲರ್ ತೆಗೆಯೋದು ಎರಡು ನಿಮಿಷದ ಕೆಲಸ' ಅಂತ ವಾಟ್ಸಾಪ್‌ನಲ್ಲಿ ಆ ಫೋಟೋ ನನಗೇ ಕಳಿಸಿದ. ನಾನು ಲೆಕ್ಕಪತ್ರದ ಕೆಲಸದಲ್ಲಿರುವವನು. ಕಂಪ್ಯೂಟರ್ ಗೊತ್ತು ಅಂದರೆ ಎಕ್ಸೆಲ್ ಗೊತ್ತು ಅಂತ. ಆದರೂ ಎರಡು ನಿಮಿಷ ಅಲ್ವಾ ಅಂತ ಒಪ್ಪಿಕೊಂಡೆ. ಮುಗಿಯಲು ಏಳು ವಾರ ಹಿಡಿಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಫೋನಿಗೆ ಒಂದು ಪುಕ್ಕಟೆ ಆಪ್ ಹಾಕಿಕೊಂಡೆ. ಮೂರು ಜಾಹೀರಾತು ನೋಡಿದ ಮೇಲೆ ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ಓಡಿತು. ಗೆರೆ ದಾಟಿದ ಕಡೆಯಲ್ಲೆಲ್ಲ ಚಿತ್ರ ಸ್ಪಷ್ಟವಾಗುತ್ತಾ ಹೋಯಿತು. ನಿಜ ಹೇಳುತ್ತೇನೆ, ಎದೆ ಒಮ್ಮೆ ಝಲ್ ಅಂದಿತು. ಹದಿನೇಳು ವರ್ಷ ಮಂಜಿನ ಹಿಂದೆ ಇದ್ದ ಮುಖಕ್ಕೆ ಕಣ್ಣು, ರೆಪ್ಪೆ, ಹಲ್ಲು ಎಲ್ಲ ಬಂತು. ತಡ ಮಾಡದೆ ಮನೆಯವರ ಗುಂಪಿಗೆ ಹಾಕಿದೆ. ಕೈ ಮುಗಿದ ಚಿಹ್ನೆಗಳು, ಹೃದಯಗಳು ಸಾಲಾಗಿ ಬಂದವು. ಚಿಕ್ಕಪ್ಪ ಫ್ರೇಮ್ ಅಂಗಡಿಗೆ ಹೊರಟೇಬಿಟ್ಟಿದ್ದ.

ತಡೆದವಳು ಅತ್ತೆ. ಅಜ್ಜಿಯ ಏಳು ಕಲ್ಲಿನ ಬೇಸರಿ ಈಗ ಅತ್ತೆಯ ಮೂಗಿನಲ್ಲಿದೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿ, 'ಇದೆಂಥದೋ ಮಾರಾಯ, ಅಮ್ಮನ ಮೂಗಿಗೆ ಮುತ್ತು ಯಾರು ಹಾಕಿದ್ದು?' ಅಂದಳು. ದೊಡ್ಡದು ಮಾಡಿ ನೋಡಿದೆ. ಹೌದು. ಬೇಸರಿ ಇದ್ದ ಜಾಗದಲ್ಲಿ ದುಂಡಗಿನ ಒಂದು ಬಿಳಿ ಮುತ್ತು. ಅಲ್ಲಿಂದ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಅಜ್ಜಿಗೆ ಮೇಲಿನ ಒಂದು ಹಲ್ಲು ಇರಲಿಲ್ಲ. ಎಲೆಯಡಿಕೆ ಹಾಕಿ ಹಾಕಿ ಉಳಿದವು ಕಂದುಬಣ್ಣಕ್ಕೆ ತಿರುಗಿದ್ದವು. ಇಲ್ಲಿ ಟೂತ್‌ಪೇಸ್ಟ್ ಜಾಹೀರಾತಿನ ಹಲ್ಲಿನ ಸಾಲು. ಹಣೆಯ ಅಡ್ಡಗೆರೆ ಮೂರಿದ್ದದ್ದು ಒಂದಾಗಿದೆ. ಒಟ್ಟಿನಲ್ಲಿ ಚೆಂದದ ಅಜ್ಜಿಯೇ, ಆದರೆ ಬೇರೆ ಯಾರದೋ ಮನೆಯವಳು.

ಹೀಗೇಕಾಗುತ್ತೆ ಅಂತ ಓದಲು ಕೂತೆ. ಇಂಥ ಆಪ್ ಒಳಗಿರುವುದು ಮಾಡೆಲ್, ಅಂದರೆ ರಾಶಿ ಚಿತ್ರ ನೋಡಿ ಕಲಿತ ಪ್ರೋಗ್ರಾಂ. ಮುಖ ಸರಿಮಾಡುವ ಇಂಥ ಮಾಡೆಲ್‌ಗಳಲ್ಲಿ ಬಹಳಷ್ಟು ಕಲಿತಿರುವುದು ಎಫ್‌ಎಫ್‌ಎಚ್‌ಕ್ಯು ಅನ್ನುವ ಸಂಗ್ರಹದಿಂದ. ಫ್ಲಿಕರ್ ಅನ್ನುವ ಫೋಟೋ ತಾಣದಿಂದ ಆರಿಸಿದ 70,000 ಮುಖಗಳು ಅದರಲ್ಲಿವೆ. ಮಸುಕು ಮುಖ ಕೊಟ್ಟರೆ ಮಾಡೆಲ್ ಕಳೆದುಹೋದದ್ದನ್ನು ಅದರೊಳಗಿಂದ ಹೆಕ್ಕಿ ತೆಗೆಯುವುದಿಲ್ಲ. ತಾನು ನೋಡಿದ ಮುಖಗಳಲ್ಲಿ ಇದಕ್ಕೆ ಒಗ್ಗುವಂಥದ್ದನ್ನು ಹೊಸದಾಗಿ ಬಿಡಿಸುತ್ತದೆ. 2020ರಲ್ಲಿ ಪಲ್ಸ್ ಅನ್ನುವ ಇಂಥದ್ದೇ ಒಂದು ಮಾಡೆಲ್‌ಗೆ ಯಾರೋ ಬರಾಕ್ ಒಬಾಮಾ ಅವರ ಚೌಕಚೌಕವಾದ ಸಣ್ಣ ಚಿತ್ರ ಕೊಟ್ಟರು. ಬಿಳಿ ಮನುಷ್ಯನ ಮುಖ ಹೊರಗೆ ಬಂತು. ಅದು ದೊಡ್ಡ ಸುದ್ದಿಯಾಗಿತ್ತು. ನಮ್ಮಜ್ಜಿಯ ಹಲ್ಲಿನ ಸುದ್ದಿ ಅತ್ತೆಗೆ ಮಾತ್ರ ಗೊತ್ತಾಯಿತು.

ಇನ್ನೊಂದು ತಪ್ಪು ನನ್ನದೇ. ವಾಟ್ಸಾಪ್‌ನಲ್ಲಿ ಬಂದ ಚಿತ್ರವನ್ನೇ ಬಳಸಿದ್ದೆ. ಅಲ್ಲಿ ಹೋಗಿ ಬಂದ ಚಿತ್ರ ಕುಗ್ಗಿರುತ್ತದೆ, ಹಿಂಡಿರುತ್ತದೆ. ಮೂಲ ಫೈಲ್ ಬೇಕು. ಅದು ಒಂದು ಸಿಡಿಯಲ್ಲಿತ್ತು. ಸಿಡಿ ಊರಿನ ಕಪಾಟಿನಲ್ಲಿ, ಜಾತಕಗಳ ಕಟ್ಟಿನ ಕೆಳಗಿತ್ತು. ಓದಲು ಡ್ರೈವ್ ಯಾರ ಲ್ಯಾಪ್‌ಟಾಪ್‌ನಲ್ಲೂ ಇಲ್ಲ. ಒಂದು ಅಂಗಡಿಯವನು 'ಸಿಡಿ ಹೋಗಿದೆ ಸಾರ್, ಎಸೀರಿ' ಅಂದ. ಯುಎಸ್‌ಬಿಗೆ ಚುಚ್ಚುವ ಡ್ರೈವ್ ತರಿಸಿ, ಸಿಡಿಯನ್ನು ಬನಿಯನ್ ಬಟ್ಟೆಯಿಂದ ಒಳಗಿನಿಂದ ಹೊರಕ್ಕೆ ಒರೆಸಿ, ನಾಲ್ಕನೇ ಸಲಕ್ಕೆ ಓದಿಸಿದೆ.

ಮೂಲ ಫೈಲ್ 3072x2304 ಪಿಕ್ಸೆಲ್. ಅದರೊಳಗೆ ಎಕ್ಸಿಫ್, ಅಂದರೆ ಫೋಟೋ ತೆಗೆದಾಗ ಕ್ಯಾಮೆರಾ ತಾನೇ ಬರೆದಿಡುವ ಮಾಹಿತಿಯೂ ಇತ್ತು. ಷಟರ್ 1/8 ಸೆಕೆಂಡ್, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಅಂದರೆ ಐಎಸ್‌ಒ 400. ತಾರೀಕು ಮಾತ್ರ 2006ರ ಜನವರಿ 1, ನಡುರಾತ್ರಿ. ಬ್ಯಾಟರಿ ತೆಗೆದು ಹಾಕಿದಾಗೆಲ್ಲ ಆ ಕ್ಯಾಮೆರಾ ತಾನು ಹುಟ್ಟಿದ ದಿನಕ್ಕೆ ವಾಪಸ್ ಹೋಗುತ್ತಿತ್ತು.

1/8 ಸೆಕೆಂಡ್ ಅನ್ನುವುದು ಬಾಯಲ್ಲಿ ಹೇಳಲು ಸಣ್ಣದು. ಕ್ಯಾಮೆರಾಕ್ಕೆ ಅದು ಉದ್ದನೆಯ ಹೊತ್ತು. ಕಂಬಳದ ಲೆಕ್ಕದಲ್ಲಿ ನೋಡಿ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಎಲ್ಲರಿಗೂ ಗೊತ್ತು. ಅಂದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ನನ್ನ ಷಟರ್ ತೆರೆದು ಮುಚ್ಚುವಷ್ಟರಲ್ಲಿ ಕೋಣ 1.3 ಮೀಟರ್ ಮುಂದೆ ಹೋಗಿರುತ್ತದೆ. ಅದೇ 1/1000ದಲ್ಲಿ ತೆಗೆದರೆ ಒಂದೇ ಸೆಂಟಿಮೀಟರ್. ಅಜ್ಜಿ ಕೋಣದ ಹಾಗೆ ಓಡುತ್ತಿರಲಿಲ್ಲ, ಸರಿ. ಆದರೆ ಹದಿನೇಳರ ಹುಡುಗನ ಕೈ 1/8 ಸೆಕೆಂಡ್ ನೆಟ್ಟಗೆ ನಿಲ್ಲುವುದಿಲ್ಲ.

ಆಫೀಸಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಎಂಜಿನಿಯರಿಂಗ್ ಓದಿ ನಮ್ಮ ಕಡೆ ಬಂದವಳು. ಊಟದ ಹೊತ್ತಲ್ಲಿ ಅವಳಿಗೆ ತೋರಿಸಿದೆ. 'ಆಪ್ ಬಿಡಿ. ಮುಖ ಬರೆಯುವ ಮಾಡೆಲ್ ಬೇರೆ, ಬ್ಲರ್ ತೆಗೆಯುವ ಮಾಡೆಲ್ ಬೇರೆ' ಅಂದಳು. ನ್ಯಾಫ್‌ನೆಟ್, ರೆಸ್ಟಾರ್ಮರ್ ಅಂತ ಹೆಸರು ಬರೆದುಕೊಟ್ಟಳು. ಎರಡೂ 2022ರವು, ಕೋಡ್ ಎಲ್ಲರಿಗೂ ಸಿಗುತ್ತದೆ. ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಪುಕ್ಕಟೆ ಜಿಪಿಯು, ಅಂದರೆ ಇಂಥ ಲೆಕ್ಕ ಬೇಗ ಮಾಡುವ ಚಿಪ್, ಹಿಡಿದು ಓಡಿಸುವುದು ಹೇಗೆ ಅಂತ ತೋರಿಸಿದಳು. ಮೊದಲ ರಾತ್ರಿ ಕೆಂಪು ಅಕ್ಷರದಲ್ಲಿ ಬಂದದ್ದು ಒಂದೇ ಮಾತು, ಔಟ್ ಆಫ್ ಮೆಮೊರಿ. ಚಿತ್ರ ದೊಡ್ಡದಾಯಿತು. 512 ಪಿಕ್ಸೆಲ್‌ನ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೇ ಕೊಟ್ಟು, ಆಮೇಲೆ ಜೋಡಿಸಬೇಕು. ಜೋಡಿಸಿದರೆ ತುಂಡುಗಳ ಅಂಚು ಅಂಗಳದ ಮೇಲೆ ಹೆಂಚಿನ ಸಾಲಿನಂತೆ ಕಂಡಿತು. ತುಂಡುಗಳನ್ನು ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಕತ್ತರಿಸಿದ ಮೇಲೆ ಅದು ಹೋಯಿತು.

ಫಲ? ಹಗಲು ಹೊತ್ತಲ್ಲಿ ಬೈಕ್ ಮೇಲಿಂದ ತೆಗೆದ ಇನ್ನೊಂದು ಫೋಟೋ ಪರೀಕ್ಷೆಗೆ ಹಾಕಿದ್ದೆ. ಅದರಲ್ಲಿ ಅಂಗಡಿಯ ಬೋರ್ಡ್ ಓದುವ ಹಾಗಾಯಿತು. ಬೆರಗಾದೆ. ಅಜ್ಜಿಯ ಫೋಟೋ ಮಾತ್ರ ಹೇಗಿತ್ತೋ ಹಾಗೇ ಇತ್ತು, ಅಂಚುಗಳು ಚೂರು ಚೂಪಾದದ್ದು ಬಿಟ್ಟರೆ.

ಕಾರಣ ಮತ್ತೆ ಕಲಿಕೆಯದ್ದೇ. ಈ ಮಾಡೆಲ್‌ಗಳಿಗೆ ಪಾಠ ಹೇಳುವುದಕ್ಕೆ ಜೋಡಿ ಚಿತ್ರಗಳು ಬೇಕು, ಒಂದು ಅಲುಗಾಡಿದ್ದು, ಇನ್ನೊಂದು ಅದೇ ದೃಶ್ಯದ ಸ್ಪಷ್ಟ ಚಿತ್ರ. ಒಂದೇ ಕ್ಷಣವನ್ನು ಎರಡು ಥರ ತೆಗೆಯುವುದು ಹೇಗೆ? 2017ರಲ್ಲಿ ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದವರು ಒಂದು ಉಪಾಯ ಮಾಡಿದರು. ಗೋಪ್ರೋ ಕ್ಯಾಮೆರಾದಲ್ಲಿ ಸೆಕೆಂಡಿಗೆ 240 ಚೌಕಟ್ಟಿನ, ಅಂದರೆ 240 ಬಿಡಿ ಚಿತ್ರಗಳ, ವಿಡಿಯೊ ತೆಗೆದರು. ಒಂದರ ಹಿಂದೊಂದು ಬರುವ ಏಳರಿಂದ ಹದಿಮೂರು ಚೌಕಟ್ಟುಗಳನ್ನು ಕೂಡಿಸಿ ಸರಾಸರಿ ತೆಗೆದರೆ ಅಲುಗಾಡಿದ ಚಿತ್ರ, ನಡುವಿನ ಒಂದು ಚೌಕಟ್ಟೇ ಸ್ಪಷ್ಟ ಚಿತ್ರ. ಹೀಗೆ 3,214 ಜೋಡಿ ಮಾಡಿದರು. ಜಗತ್ತಿನ ಬಹುತೇಕ ಡಿಬ್ಲರ್ (ಬ್ಲರ್ ತೆಗೆಯುವ) ಮಾಡೆಲ್‌ಗಳು ಇದರಲ್ಲೇ ಪರೀಕ್ಷೆ ಬರೆಯುತ್ತವೆ. ಅವು ನೋಡಿದ್ದು ಹೆಚ್ಚಾಗಿ ಬೆಳಕಿರುವ ಬೀದಿ, ನಡೆಯುವ ಜನ. ಹಣತೆ ಬೆಳಕಿನ ತುಳಸಿಕಟ್ಟೆ ಅದರ ಸಿಲಬಸ್‌ನಲ್ಲೇ ಇಲ್ಲ. 2020ರಲ್ಲಿ ರಿಯಲ್‌ಬ್ಲರ್ ಅಂತ ಇನ್ನೊಂದು ಸಂಗ್ರಹ ಬಂತು. ಎರಡು ಕ್ಯಾಮೆರಾ ಕಟ್ಟಿ, ನಡುವೆ ಬೆಳಕು ಸೀಳುವ ಗಾಜಿಟ್ಟು, ಮಂದ ಬೆಳಕಲ್ಲೇ ನಿಜವಾದ ಜೋಡಿಗಳನ್ನು ತೆಗೆದದ್ದು. ಅದರಲ್ಲಿ ಕಲಿತ ಮಾಡೆಲ್ ಹಾಕಿದಾಗ ಕಟ್ಟೆಯ ಕಲ್ಲು, ರಂಗೋಲಿ ಎಲ್ಲ ಎದ್ದು ಬಂತು. ಮುಖ ಇನ್ನೂ ಮಬ್ಬು.

ಆ ಹೊತ್ತಿಗೆ ನಾನು ದಿನಾ ರಾತ್ರಿ ಆ ಚಿತ್ರವನ್ನು ಎಷ್ಟು ದೊಡ್ಡದು ಮಾಡಿ ನೋಡಿದ್ದೆನೆಂದರೆ, ಕಣ್ಣು ಮುಚ್ಚಿದರೂ ಪಿಕ್ಸೆಲ್ ಕಾಣುತ್ತಿತ್ತು. ಒಂದು ರಾತ್ರಿ ಗಮನಕ್ಕೆ ಬಂತು. ಎಲ್ಲಾ ಹಣತೆಗಳ ಜ್ವಾಲೆಯೂ ಒಂದೇ ಥರ ಸೊಟ್ಟಗಿವೆ. ಮೇಲೆ ಸಣ್ಣ ಕೊಕ್ಕೆ, ಕೆಳಗೆ ಬಲಕ್ಕೆ ಎಳೆದ ಬಾಲ. ಕನ್ನಡದ ೨ ಬರೆದ ಹಾಗೆ. ಎಣಿಸಿದೆ, ಹದಿನಾಲ್ಕು ಹಣತೆ, ಹದಿನಾಲ್ಕು ೨. ಗಾಳಿಗೆ ಜ್ವಾಲೆ ಬಾಗಿದ್ದರೆ ಒಂದೊಂದು ಒಂದೊಂದು ಥರ ಇರಬೇಕಿತ್ತು. ಇದು ಗಾಳಿಯದ್ದಲ್ಲ, ನನ್ನ ಕೈಯದ್ದು. 1/8 ಸೆಕೆಂಡಿನಲ್ಲಿ ನನ್ನ ಕೈ ಹೇಗೆ ನಡುಗಿತೋ ಅದರ ಸಹಿ.

ಆಫೀಸಿನ ಹುಡುಗಿಗೆ ಹೇಳಿದರೆ ಕುರ್ಚಿಯಿಂದ ಎದ್ದಳು. 'ಸಾರ್, ನಿಮಗೆ ಕರ್ನೆಲ್ ಸಿಕ್ಕಿಬಿಟ್ಟಿದೆ!' ಅಂದಳು. ಅವಳು ಹೇಳಿದ್ದು ಇಷ್ಟು. ಕೈ ಅಲುಗಿದಾಗ ಚಿತ್ರದ ಪ್ರತಿ ಬಿಂದುವೂ ಹೆಚ್ಚುಕಮ್ಮಿ ಒಂದೇ ಆಕಾರದ ಗೆರೆಯಾಗಿ ಹರಡುತ್ತದೆ. ಗೋಡೆ, ಸೀರೆ, ಮುಖ ಇವುಗಳಲ್ಲಿ ಸಾವಿರಾರು ಗೆರೆ ಒಂದರ ಮೇಲೊಂದು ಬಿದ್ದು ಮಬ್ಬಾಗಿ ಕಾಣುತ್ತೆ ಅಷ್ಟೆ. ಕತ್ತಲಲ್ಲಿ ಒಂಟಿಯಾಗಿರುವ ಬೆಳಕಿನ ಚುಕ್ಕೆಯಲ್ಲಿ ಮಾತ್ರ ಆ ಗೆರೆ ಬಿಡಿಯಾಗಿ ಕಾಣುತ್ತೆ. ಗೆರೆಯ ಆಕಾರಕ್ಕೆ ಕರ್ನೆಲ್ ಅಂತ ಹೆಸರು. ಅದು ಗೊತ್ತಿದ್ದರೆ ಲೆಕ್ಕ ಹಾಕಿ ಚಿತ್ರವನ್ನು ಸ್ವಲ್ಪ ಮಟ್ಟಿಗೆ ಹಿಂದಕ್ಕೆ ತಿರುಗಿಸಬಹುದು. ಹರಡಿದ್ದನ್ನು ಮತ್ತೆ ಮಡಚುವುದು. ಅದಕ್ಕೆ ಎಐ ಬೇಕಾಗಿಯೇ ಇಲ್ಲ.

ಈ ಲೆಕ್ಕ ಹಳೆಯದು. 1972ರಲ್ಲಿ ರಿಚರ್ಡ್‌ಸನ್, 1974ರಲ್ಲಿ ಲೂಸಿ ಅನ್ನುವವರು ಬೇರೆಬೇರೆಯಾಗಿ ಕಂಡುಕೊಂಡದ್ದು. 1990ರಲ್ಲಿ ಹಬಲ್ ದೂರದರ್ಶಕ ಮೇಲಕ್ಕೆ ಹೋದ ಮೇಲೆ ಅದರ ಕನ್ನಡಿಯ ಅಂಚನ್ನು 2.2 ಮೈಕ್ರಾನ್‌ನಷ್ಟು ಜಾಸ್ತಿ ಉಜ್ಜಿದ್ದು ಗೊತ್ತಾಯಿತು. ಚಿತ್ರಗಳೆಲ್ಲ ಮಸುಕು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಸರಿಮಾಡುವ ತನಕ ಖಗೋಳದವರು ಕೈಕಟ್ಟಿ ಕೂರಲಿಲ್ಲ. ಒಂಟಿ ನಕ್ಷತ್ರ ಹೇಗೆ ಹರಡಿದೆ ಅಂತ ನೋಡಿ, ಇದೇ ರಿಚರ್ಡ್‌ಸನ್-ಲೂಸಿ ಲೆಕ್ಕದಿಂದ ಉಳಿದದ್ದನ್ನು ಮಡಚಿದರು. ಅವರಿಗೆ ನಕ್ಷತ್ರ, ನನಗೆ ಹಣತೆ. ಇದನ್ನು ಓದಿದ ದಿನ ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. 'ಊಟ ಆಯ್ತಾ?' ಅಂದಳು.

ಲೆಕ್ಕದ ರೀತಿ ಅಜ್ಜಿ ಸಾರಿಗೆ ಉಪ್ಪು ಹಾಕುವಂಥದ್ದು. ಮೊದಲು ಒಂದು ಸ್ಪಷ್ಟ ಚಿತ್ರವನ್ನು ಸುಮ್ನೆ ಊಹಿಸಿಕೊಳ್ಳುತ್ತದೆ. ಅದಕ್ಕೆ ಕರ್ನೆಲ್ ಹಚ್ಚಿ ಬೇಕಂತಲೇ ಅಲುಗಾಡಿಸಿ ನೋಡುತ್ತದೆ. ನನ್ನ ಫೋಟೋಗೆ ಹೋಲಿಸುತ್ತದೆ. ಎಲ್ಲಿ ಕಮ್ಮಿಯೋ ಅಲ್ಲಿ ಸೇರಿಸಿ, ಎಲ್ಲಿ ಜಾಸ್ತಿಯೋ ಅಲ್ಲಿ ತೆಗೆದು, ಮತ್ತೆ ರುಚಿ ನೋಡುತ್ತದೆ. ಹತ್ತು ಸಲ, ಮೂವತ್ತು ಸಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಾಲಿನ ಕೆಲಸ. ಆದರೆ ಎಲ್ಲಿ ನಿಲ್ಲಿಸಬೇಕು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನೂರು ಸಲ ಬಿಟ್ಟೆ. ಅಜ್ಜಿಯ ಕುಂಕುಮದ ಸುತ್ತ ಕೆರೆಗೆ ಕಲ್ಲು ಹಾಕಿದ ಹಾಗೆ ಉಂಗುರಗಳು ಎದ್ದವು. ಚಿತ್ರವನ್ನು ಹಿಂಡಲು ಜೆಪೆಗ್ ಫೈಲು ಕತ್ತರಿಸಿಕೊಳ್ಳುವ 8x8 ಪಿಕ್ಸೆಲ್ ಚೌಕಗಳೆಲ್ಲ ಕೆನ್ನೆಯ ಮೇಲೆ ಚಾಪೆ ಹೆಣೆದಂತೆ ಕಾಣಿಸಿಕೊಂಡವು. ಮೂವತ್ತರ ಆಸುಪಾಸಿನಲ್ಲಿ ನಿಲ್ಲಿಸಿದರೆ ಪರವಾಗಿಲ್ಲ ಅನ್ನಿಸಿತು.

ಅದಕ್ಕೂ ಮುಂಚೆ ಎರಡು ತೊಡಕು ಬಂದವು. ಒಂದು, ಕ್ಯಾಮೆರಾ ಜೆಪೆಗ್ ಮಾಡುವಾಗ ಬೆಳಕಿನ ಲೆಕ್ಕವನ್ನು ಕಣ್ಣಿಗೆ ಒಗ್ಗುವಂತೆ ಬಗ್ಗಿಸಿರುತ್ತದೆ. ಅದನ್ನು ಆದಷ್ಟು ನೇರ ಮಾಡಿಕೊಂಡೇ ಲೆಕ್ಕ ಶುರು ಮಾಡಬೇಕು. ಇದು ಗೊತ್ತಿಲ್ಲದೆ ಒಂದು ವಾರ ಕಳೆದೆ. ಇನ್ನೊಂದು ಹಣತೆಯದ್ದೇ. ಜ್ವಾಲೆ ಕ್ಯಾಮೆರಾಕ್ಕೆ ತೀರಾ ಜಾಸ್ತಿ ಬೆಳಕು. ಫೈಲಿನ ಅಳತೆಯ ಕೊನೆ ಸಂಖ್ಯೆ 255ಕ್ಕೆ ಮುಟ್ಟಿ ನಿಂತುಬಿಟ್ಟಿದೆ. ಅದರ ಮೇಲೆ ಎಷ್ಟಿತ್ತು ಅಂತ ಫೈಲಿನಲ್ಲಿ ಇಲ್ಲ. ಹಾಗಾಗಿ ಹಣತೆಯ ೨ ದಪ್ಪ, ಊದಿಕೊಂಡದ್ದು. ತೆಳುವಾದ, ಸಣ್ಣ ಹೊಳಪು ಬೇಕಿತ್ತು. ಹುಡುಕಿದರೆ ಕಟ್ಟೆಯ ಮೇಲೆ ಹಿತ್ತಾಳೆ ಗಿಂಡಿ ಇತ್ತು. ಅದರ ಮೂತಿಯ ಮೇಲೆ ದೀಪದ ಒಂದು ಚುಕ್ಕೆ ಹೊಳಪು. ಕೂದಲೆಳೆಯಂಥ ೨, ತುದಿಯಿಂದ ತುದಿಗೆ 22 ಪಿಕ್ಸೆಲ್. ಅದನ್ನೇ ಕತ್ತರಿಸಿ ಕರ್ನೆಲ್ ಮಾಡಿಕೊಂಡೆ. ಹಣತೆ, ಗಿಂಡಿ ಏನೂ ಇಲ್ಲದ ಚಿತ್ರಕ್ಕೆ ಏನು ಮಾಡುತ್ತಾರೆ ಅಂತ ಕೇಳಬಹುದು. ಕರ್ನೆಲನ್ನೂ ಲೆಕ್ಕವೇ ಊಹಿಸುವ ದಾರಿ ಇದೆ, 2006ರಲ್ಲಿ ರಾಬ್ ಫರ್ಗಸ್ ಮತ್ತು ಅವರ ಜೊತೆಯವರು ಅದನ್ನು ಚೆನ್ನಾಗಿ ಮಾಡಿ ತೋರಿಸಿದ್ದರು. ನನಗೆ ಗಿಂಡಿ ಸಿಕ್ಕಿದ್ದರಿಂದ ಅತ್ತ ಹೋಗಲಿಲ್ಲ.

ಗಿಂಡಿಯ ಕರ್ನೆಲ್ ಹಾಕಿದೆ. ರಂಗೋಲಿಯ ಎಳೆ ಎಣಿಸುವ ಹಾಗಾಯಿತು. ನೆಲ್ಲಿಕಾಯಿ ಒಂದೊಂದೂ ಬಿಡಿಬಿಡಿಯಾಯಿತು. ಕಟ್ಟೆಯ ಗಾರೆಯಲ್ಲಿ ಅಪ್ಪ ಬೆರಳಿನಿಂದ ಬರೆದ ಇಸವಿ, 1987, ಓದಲು ಬಂತು. ಇದನ್ನು ಮಾಡೆಲ್ ಕೂಡ ಕಾಣಿಸಿರಲಿಲ್ಲ. ಮುಖಕ್ಕೆ ಬಂದರೆ ಅರ್ಧ ಸರಿ, ಅರ್ಧ ಇಲ್ಲ. ಕಣ್ಣು ಎರಡೆರಡು ಇದ್ದಂತೆ. ಎಲ್ಲ ಕಡೆ ಒಪ್ಪಿದ ಲೆಕ್ಕ ಮುಖದಲ್ಲಿ ಮಾತ್ರ ಯಾಕೆ ಒಪ್ಪಲಿಲ್ಲ?

ಆಗ ಬೇಸರಿ ನೋಡಿದೆ. ಮೂಲ ಚಿತ್ರದಲ್ಲಿ ಅದು ಏಳು ಕಲ್ಲಾಗಿ ಕಾಣುವುದಿಲ್ಲ, ಒಂದು ಹೊಳಪಿನ ಗೆರೆ ಮಾತ್ರ. ಆ ಆಪ್ ಮುತ್ತು ಮಾಡಿಟ್ಟದ್ದು ಇದನ್ನೇ. ಗೆರೆಯನ್ನು ಕತ್ತರಿಸಿ ಗಿಂಡಿಯ ೨ರ ಪಕ್ಕ ಇಟ್ಟೆ. ಕೊಕ್ಕೆ ಅದೇ, ಆದರೆ ಬಾಲ ಉದ್ದ. 22 ಅಲ್ಲ, 31 ಪಿಕ್ಸೆಲ್. ಗಿಂಡಿ ಕಟ್ಟೆಯ ಮೇಲೆ ಕೂತಿತ್ತು, ಅಲುಗಿದ್ದು ನನ್ನ ಕೈ ಮಾತ್ರ. ಬೇಸರಿಯಲ್ಲಿ ನನ್ನ ಕೈಯ ಜೊತೆ ಇನ್ನೊಂದು ಚಲನೆ ಸೇರಿದೆ. ಅಜ್ಜಿಯದು. ಆ 1/8 ಸೆಕೆಂಡಿನಲ್ಲಿ ಅಜ್ಜಿ ತಲೆ ತಿರುಗಿಸುತ್ತಿದ್ದಳು. ಅವಳ ಮುಖ ಚಿತ್ರದಲ್ಲಿ ಸುಮಾರು 400 ಪಿಕ್ಸೆಲ್ ಎತ್ತರ. ಆ ಲೆಕ್ಕದಲ್ಲಿ ಹೆಚ್ಚಿನ 9 ಪಿಕ್ಸೆಲ್ ಅಂದರೆ ಹತ್ತಿರಹತ್ತಿರ ಅರ್ಧ ಸೆಂಟಿಮೀಟರ್.

ಕುರ್ಚಿಗೆ ಒರಗಿ ಸುಮಾರು ಹೊತ್ತು ಸುಮ್ಮನೆ ಕೂತೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು. 2010ರಲ್ಲಿ ಹೋದ ಅಜ್ಜಿ ಪರದೆಯ ಮೇಲೆ ಅರ್ಧ ಸೆಂಟಿಮೀಟರ್ ಅಲುಗಿದ್ದಳು.

ಮುಖಕ್ಕೆ ಬೇರೆ ಕರ್ನೆಲ್ ಬೇಕು ಅಂತಾಯಿತು. ಮುಖದ ಭಾಗವನ್ನು ಬೇಸರಿಯ ಗೆರೆಯಿಂದ, ಉಳಿದದ್ದನ್ನು ಗಿಂಡಿಯ ಗೆರೆಯಿಂದ ಮಾಡಿ, ಸೆರಗಿನ ಅಂಚಿನಲ್ಲಿ ಎರಡನ್ನೂ ಬೆಸೆದೆ. ತಿರುಗುವ ಮುಖದಲ್ಲಿ ಮೂಗಿನಷ್ಟು ಕಿವಿ ಚಲಿಸುವುದಿಲ್ಲ, ಹಾಗಾಗಿ ಕಿವಿಯ ಹತ್ತಿರ ಸ್ವಲ್ಪ ಕೆಟ್ಟಿತು. ಇರಲಿ. ಬಾಯಿ ಬಂತು. ಮೇಲಿನ ಸಾಲಿನಲ್ಲಿ ಒಂದು ಕಪ್ಪು ಸಂದು. ಆ ಹಲ್ಲು ಇಲ್ಲದ ಸಂದು ನೋಡಿ ನನಗೆ ಆದಷ್ಟು ಖುಷಿ, ಆಪ್ ಕೊಟ್ಟ ಪೂರ್ತಿ ಸಾಲಿನ ಹಲ್ಲು ನೋಡಿದಾಗ ಆಗಿರಲಿಲ್ಲ. ಹಣೆಯ ಮೇಲೆ ಮೂರು ಗೆರೆ. ಬೇಸರಿ ಒಂದು ಪುಟ್ಟ ಚುಕ್ಕೆಯಾಗಿ ಕುಗ್ಗಿತು. ಏಳು ಕಲ್ಲು ಕಾಣಲಿಲ್ಲ, ಅದು ಆ ಕ್ಯಾಮೆರಾದಿಂದ ಆಗುವ ಮಾತೂ ಅಲ್ಲ. ಆದರೆ ಮುತ್ತು ಅಂತೂ ಅಲ್ಲ.

ಇಷ್ಟಾದರೂ ಅನುಮಾನ ಹೋಗಲಿಲ್ಲ. ನನಗೆ ಬೇಕಾದ್ದನ್ನೇ ನಾನು ನೋಡುತ್ತಿದ್ದೇನಾ? ಲೆಕ್ಕಪತ್ರದವನಿಗೆ ತಾಳೆ ನೋಡದೆ ನಿದ್ದೆ ಬರುವುದಿಲ್ಲ. ಅತ್ತೆಯ ಮನೆಗೆ ಹೋದೆ. ಅತ್ತೆಯದು ಅಜ್ಜಿಯದೇ ಮೂಗು, ಅದೇ ಬೇಸರಿ. ಅವಳನ್ನು ಕಿಟಕಿ ಹತ್ತಿರ ಕೂರಿಸಿ, ಫೋನನ್ನು ಸ್ಟ್ಯಾಂಡಿಗೆ ಹಾಕಿ, ಸ್ಪಷ್ಟವಾದ ಫೋಟೋ ತೆಗೆದೆ. ಮುಖವನ್ನು 400 ಪಿಕ್ಸೆಲ್‌ಗೆ ಇಳಿಸಿದೆ. ಅದಕ್ಕೆ ಅಜ್ಜಿಯ ೨ ಹಚ್ಚಿ ಬೇಕಂತಲೇ ಹಾಳು ಮಾಡಿದೆ, ಐಎಸ್‌ಒ 400ರಂಥ ಕಾಳುಕಾಳು ಬೆರೆಸಿದೆ. ಹಾಳಾದದ್ದನ್ನು ಎಲ್ಲ ದಾರಿಗಳಿಗೂ ಕೊಟ್ಟೆ. ಈ ಸಲ ಸರಿ ಉತ್ತರ ನನ್ನ ಕೈಯಲ್ಲೇ ಇದೆ.

ಮುಖ ಬರೆಯುವ ಮಾಡೆಲ್ ಅತ್ತೆಯನ್ನು ಹತ್ತು ವರ್ಷ ಚಿಕ್ಕವಳನ್ನಾಗಿ ಮಾಡಿತು. ಗಲ್ಲದ ಮೇಲಿನ ನರೂಲಿ ಮಾಯ. ಬೇಸರಿಯ ಬದಲು ಮತ್ತೆ ಅದೇ ದುಂಡು ಮೂಗುಬೊಟ್ಟು. ಅತ್ತೆ ಅದನ್ನು ನೋಡಿ 'ಇದನ್ನ ನನಗೆ ಕಳಿಸು' ಅಂದಳು, ಆಣೆ ಮಾಡಿ ಹೇಳುತ್ತೇನೆ. ಡಿಬ್ಲರ್ ಮಾಡೆಲ್‌ಗಳು ಸಜ್ಜನರು. ಸುಳ್ಳು ಹೇಳಲಿಲ್ಲ, ಆದರೆ ಪೂರ್ತಿ ಸತ್ಯವನ್ನೂ ಹೇಳಲಿಲ್ಲ, ಮಬ್ಬು ಉಳಿಯಿತು. ರಿಚರ್ಡ್‌ಸನ್-ಲೂಸಿ ನರೂಲಿಯನ್ನು ಅದರ ಜಾಗದಲ್ಲೇ ಇಟ್ಟಿತು, ಸುತ್ತ ಒಂದು ಉಂಗುರದ ಸಮೇತ. ಕೊನೆಗೆ ನಾನು ಮಾಡಿದ್ದು ಮೊದಲು ಹಳೇ ಲೆಕ್ಕ ಹದಿನೈದು ಸುತ್ತು, ಆಮೇಲೆ ಮಂದ ಬೆಳಕಲ್ಲಿ ಕಲಿತ ಮಾಡೆಲ್ ಒಂದು ಸಲ, ಅದೂ ಅರ್ಧ ಬೆರೆಸಿ. ಉಂಗುರಗಳನ್ನು ಒರೆಸುವುದರಲ್ಲಿ ಮಾಡೆಲ್ ಚೆನ್ನಾಗಿದೆ. ಮುಖ ಬರೆಯುವುದನ್ನು ಪೂರ್ತಿ ಬಿಟ್ಟೆ.

ಚಿಕ್ಕಪ್ಪನಿಗೆ ತೋರಿಸಿದರೆ ಮುಖ ಸಪ್ಪೆ ಮಾಡಿಕೊಂಡ. 'ಏಳು ವಾರ ಮಾಡಿದ್ದು ಇದಾ? ಮೊದಲನೆಯದೇ ಚೆನ್ನಾಗಿತ್ತಲ್ಲೋ!' ತಪ್ಪು ಅವನದಲ್ಲ. ದೂರದಿಂದ ನೋಡಿದರೆ ಆಪ್‌ನ ಅಜ್ಜಿ ಚೂಪಾಗಿ ಕಾಣುತ್ತಾಳೆ, ನನ್ನ ಅಜ್ಜಿ ಮೃದು. 12x18ಕ್ಕೆ ನನ್ನದು ತಡೆಯುವುದಿಲ್ಲ ಅಂತ ನಾನೇ ಹೇಳಿದೆ. ಅಷ್ಟು ದೊಡ್ಡದು ಮಾಡಿದರೆ ಮೂಲದ 22 ಪಿಕ್ಸೆಲ್ ಗೆರೆ ಕಾಗದದ ಮೇಲೆ 3 ಮಿಲಿಮೀಟರ್ ದಾಟುತ್ತದೆ. 4x6 ಇಂಚಿನಲ್ಲಿ 1 ಮಿಲಿಮೀಟರ್. ಬ್ಲರ್ ತೆಗೆಯುವ ಎಲ್ಲಕ್ಕಿಂತ ಸುಲಭದ, ಖರ್ಚಿಲ್ಲದ ದಾರಿ ಫೋಟೋವನ್ನು ಸಣ್ಣದಾಗಿ ಹಾಕಿಸುವುದು. ಇದನ್ನು ಮೊದಲೇ ಯೋಚಿಸಿದ್ದರೆ ಏಳು ವಾರ ಉಳಿಯುತ್ತಿತ್ತು. ತುಂಬಾ ಮಾತುಕತೆಯಾಗಿ, ಹಾಲ್‌ನಲ್ಲಿ ಈಗ ಮತದಾರರ ಚೀಟಿಯ ಅಜ್ಜಿಯೇ ದೊಡ್ಡದಾಗಿ ಇದ್ದಾಳೆ. ಬಂದವರನ್ನೆಲ್ಲ ಬೈಯಲು ತಯಾರಾಗಿ. ತುಳಸಿಕಟ್ಟೆಯ ಅಜ್ಜಿ ದೇವರ ಮನೆಯ ಬಾಗಿಲ ಪಕ್ಕ, 4x6ರಲ್ಲಿ.

ಅದನ್ನು ಮೊಳೆಗೆ ತೂಗುಹಾಕುವಾಗ ಅಮ್ಮನಿಗೆ ಬೇಸರಿಯ ಗೆರೆಯ ಕಥೆ ಹೇಳಿದೆ. ಫೋನಿನಲ್ಲಿ ಎರಡೂ ೨ ತೋರಿಸಿದೆ. ನಾನು 'ಅಜ್ಜೀ' ಅಂತ ಕೂಗಿದೆ, ಅವಳು ನನ್ನ ಕಡೆ ತಿರುಗುತ್ತಿದ್ದಳು, ಅದು ಇಲ್ಲಿ ದಾಖಲಾಗಿದೆ ಅಂದೆ. ಅಮ್ಮ ಕನ್ನಡಕ ಏರಿಸಿ ಫೋಟೋ ನೋಡಿದಳು.

'ನಿನ್ನ ಕಡೆ ಯಾಕೆ ತಿರುಗ್ತಾರೆ? ಈ ಕಡೆ ಅಡುಗೆಮನೆ ಬಾಗಿಲು. ಅವತ್ತು ಒಲೆ ಮೇಲೆ ಹಾಲಿಟ್ಟಿದ್ದೆ. ಉಕ್ಕಿತೇನೋ ಅಂತ ಅತ್ತ ತಿರುಗಿರ್ತಾರೆ.'

ಗೆರೆಗೆ ಬಾಣದ ಗುರುತು ಇರುವುದಿಲ್ಲ. ಯಾವ ತುದಿ ಶುರು, ಯಾವ ತುದಿ ಕೊನೆ ಅಂತ ಕರ್ನೆಲ್ ಹೇಳುವುದಿಲ್ಲ. ಅಡುಗೆಮನೆಯಿಂದ ನನ್ನ ಕಡೆಗೆ ತಿರುಗಿದರೂ, ನನ್ನ ಕಡೆಯಿಂದ ಅಡುಗೆಮನೆಗೆ ತಿರುಗಿದರೂ ಬೇಸರಿ ಬರೆಯುವುದು ಅದೇ 31 ಪಿಕ್ಸೆಲ್. ಹಾಗಾದರೆ ಅವತ್ತು ಹಾಲು ಉಕ್ಕಿತ್ತಾ ಅಂತ ಅಮ್ಮನನ್ನು ಕೇಳಿದೆ. ಅವಳಿಗೆ ನೆನಪಿರಲಿಲ್ಲ.